ಕಹಿ ಬೇರೆ, ಒಗರು ಬೇರೆ: ಸ್ಪ್ರೂಸ್ ಚಿಗುರಿನ ಬಿಯರ್ ಬಗ್ಗೆ ಓದುಗರ ಪ್ರಶ್ನೆಗಳು

ಕಹಿ, ಘಮ ಕೊಡುವ ಹಾಪ್ಸ್ ಹೂವು ಬಿಟ್ಟು ಬಿಯರ್‌ಗೆ ಬೇರೆ ಏನೇನು ಸೊಪ್ಪು-ಸದೆ ಹಾಕುತ್ತಾರೆ ಎಂದು ಹಿಂದೊಮ್ಮೆ ಬರೆದಾಗ ಸ್ಪ್ರೂಸ್ ಚಿಗುರಿನ ಮಾತು ಒಂದೇ ಸಾಲಿನಲ್ಲಿ ಬಂದು ಹೋಗಿತ್ತು. ಆ ಒಂದು ಸಾಲನ್ನು ಹಿಡಿದೇ ಹೆಚ್ಚು ಪ್ರಶ್ನೆಗಳು ಬಂದಿವೆ. ಒಂದೇ ಥರದವನ್ನು ಕೂಡಿಸಿ ಈ ಬಾರಿಯ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇವೆ.

ಪ್ರಶ್ನೆ: ಬೇಸಿಗೆಯಲ್ಲಿ ಸಿಯಾಟಲ್‌ನ ಮಗಳ ಮನೆಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಅಲಾಸ್ಕಾ ನೋಡಿಕೊಂಡು ಬರುವವರಿದ್ದೇವೆ. ಅಲ್ಲಿ ‘ಸ್ಪ್ರೂಸ್ ಟಿಪ್’ ಬಿಯರ್ ಕುಡಿಯದೆ ಬರಬೇಡಿ ಅನ್ನುತ್ತಾನೆ ಅಳಿಯ. ಕ್ರಿಸ್‌ಮಸ್ ಮರದ ಎಲೆ ಹಾಕಿದ ಬಿಯರೇ ಇದು? ರುಚಿ ಹೇಗಿರುತ್ತದೆ? (ಮೈಸೂರು)

ಉತ್ತರ: ಮರ ಅದೇ. ಆದರೆ ಹಾಕುವುದು ಎಲೆಯನ್ನಲ್ಲ, ಚಿಗುರನ್ನು. ಸ್ಪ್ರೂಸ್ ಎಂದರೆ ಪೈನ್ ಕುಟುಂಬದ ಸೂಜಿ ಎಲೆಯ ಮರ. ಹಿಮ ಕರಗಿ ಬಿಸಿಲು ಏರುವ ಹೊತ್ತಿಗೆ ಅದರ ರೆಂಬೆಗಳ ತುದಿಯಲ್ಲಿ ಕಂದು ಮೊಗ್ಗು ಊದಿಕೊಳ್ಳುತ್ತದೆ. ಈರುಳ್ಳಿಯ ಹೊರಸಿಪ್ಪೆಯಂಥ ತೆಳು ಪೊರೆ ಬಿರಿದು, ಒಳಗಿಂದ ತಿಳಿಹಸಿರು ಕುಚ್ಚು ಹೊರಬರುತ್ತದೆ. ಉದ್ದ 2ರಿಂದ 5 ಸೆಂಟಿಮೀಟರ್. ಮುಟ್ಟಿದರೆ ಮೆತ್ತಗಿರುತ್ತದೆ, ಚುಚ್ಚುವುದಿಲ್ಲ. ಇದೇ ‘ಟಿಪ್’. ಎರಡು ಮೂರು ವಾರ ಕಳೆದರೆ ಬಣ್ಣ ಕಡುವಾಗಿ, ಸೂಜಿ ಗಟ್ಟಿಯಾಗಿ, ರಾಳ ತುಂಬಿಕೊಳ್ಳುತ್ತದೆ. ಆಮೇಲೆ ಕಿತ್ತರೆ ಬಿಯರ್‌ಗೆ ಟರ್ಪೆಂಟೈನ್ ವಾಸನೆ ಬರುತ್ತದೆ.

ಅಲಾಸ್ಕಾದಲ್ಲಿ ಬಳಸುವುದು ಹೆಚ್ಚಾಗಿ ಸಿಟ್ಕಾ ಸ್ಪ್ರೂಸ್. 1962ರಿಂದ ಅದು ಆ ರಾಜ್ಯದ ಅಧಿಕೃತ ಮರವೂ ಹೌದು. ಜೂನೋ ಊರಿನಲ್ಲಿ ಮಾರ್ಸಿ ಮತ್ತು ಜೆಫ್ ಲಾರ್ಸನ್ ದಂಪತಿ 1986ರಲ್ಲಿ ಶುರು ಮಾಡಿದ ಅಲಾಸ್ಕನ್ ಬ್ರೂಯಿಂಗ್ ಕಂಪನಿಯ ‘ವಿಂಟರ್ ಏಲ್’ ಈ ಚಿಗುರಿನ ಬಿಯರ್‌ಗಳಲ್ಲಿ ಹೆಸರುವಾಸಿ. ಹೆಸರೇ ಹೇಳುವಂತೆ ಅದು ಚಳಿಗಾಲದ ಬಿಯರ್. ಬೇಸಿಗೆಯಲ್ಲಿ ಅದು ಸಿಗದಿದ್ದರೆ ಬೇಸರ ಬೇಡ. ಕಂಪನಿಯವರೇ ಬಿಯರ್ ಕೊಡುವ ಟ್ಯಾಪ್‌ರೂಮಿನಲ್ಲಿ ಈ ವರ್ಷದ ಹೊಸ ಚಿಗುರು ಹಾಕಿದ್ದು ಏನಾದರೂ ಇದೆಯೇ ಎಂದು ಕೇಳಿ. ಚಿಗುರು ಕೀಳುವ ಕಾಲ ಆಗಷ್ಟೇ ಮುಗಿದಿರುತ್ತದೆ.

ರುಚಿಗೆ ಬರೋಣ. ಗ್ಲಾಸನ್ನು ಮೂಗಿನ ಹತ್ತಿರ ತಂದರೆ ನಮ್ಮವರಿಗೆ ಮೊದಲು ನೆನಪಾಗುವುದು ತೊಟ್ಟು ಮುರಿದ ಮಾವಿನಕಾಯಿಯ ಸೊನೆ. ಹೋಲಿಕೆ ಸುಮ್ಮನೆ ಕೊಟ್ಟದ್ದಲ್ಲ. ಮಾವಿನ ಸೊನೆಯಲ್ಲೂ ಸ್ಪ್ರೂಸ್ ಚಿಗುರಿನಲ್ಲೂ ಮಿರ್ಸೀನ್, ಲಿಮೊನೀನ್ ಎಂಬ ಒಂದೇ ಜಾತಿಯ ಸುಗಂಧ ಎಣ್ಣೆಗಳಿವೆ. ಸ್ಪ್ರೂಸ್‌ನಲ್ಲಿ ಅದರ ಮೇಲೆ ಪೈನೀನ್ ಸೇರಿ ರಾಳದ ವಾಸನೆ ಕೊಡುತ್ತದೆ; ಬೋರ್ನೈಲ್ ಅಸಿಟೇಟ್ ಎಂಬುದು ಸೇರಿ ಕಾಡಿನ ತಂಪು ಕೊಡುತ್ತದೆ. ಒಳ್ಳೆಯ ಬಿಯರ್ ಆದರೆ ಹಿಂದಿನಿಂದ ಹೇರಳೆಕಾಯಿ ಸಿಪ್ಪೆ, ಕೋಲಾ, ಕೆಲವೊಮ್ಮೆ ಸ್ಟ್ರಾಬೆರಿಯ ಎಳೆಯೊಂದು ಬರುತ್ತದೆ. ಕೊನೆಗೆ ನಾಲಿಗೆಯ ಮೇಲೆ ಉಳಿಯುವುದು ಮಾವಿನ ಚಿಗುರು ಜಗಿದಂಥ ಒಗರು.

ಈ ‘ಒಗರು’ ಎಂಬ ಮಾತನ್ನು ಜೊತೆಗೆ ಇಟ್ಟುಕೊಂಡು ಹೋಗಿ. ಈ ಬಿಯರ್ ಕುಡಿದವರಲ್ಲಿ ಹಲವರು ‘ತುಂಬಾ ಕಹಿ’ ಎಂದು ಬರೆದಿಡುತ್ತಾರೆ. ಅದು ಎಷ್ಟೋ ಸಲ ಕಹಿಯೇ ಅಲ್ಲ. ಷಡ್ರಸದ ಪಟ್ಟಿ ಬಾಯಿಪಾಠ ಇರುವ ನಾವು ಆ ತಪ್ಪು ಮಾಡಬೇಕಾಗಿಲ್ಲ.

ಪ್ರಶ್ನೆ: ಗೆಳೆಯರು ಅಮೆರಿಕದಿಂದ ನಾಲ್ಕು ಬಾಟಲಿ ತಂದಿದ್ದಾರೆ. ಒಂದು ಪೇಲ್ ಏಲ್ (ತಿಳಿ ಬಣ್ಣದ್ದು), ಒಂದು ಐಪಿಎ (ಹಾಪ್ಸ್ ಹೆಚ್ಚಿರುವ ಕಹಿ ಬಿಯರ್), ಒಂದು ಸಾವರ್ (ಹುಳಿ ಬಿಯರ್), ಒಂದು ಗಾಢ ಬಣ್ಣದ ವಿಂಟರ್ ಏಲ್. ನಾಲ್ಕರಲ್ಲೂ ಸ್ಪ್ರೂಸ್ ಚಿಗುರು ಇದೆ. ನಾವು ಆರು ಜನ. ಸುಮ್ಮನೆ ಕುಡಿದು ಮುಗಿಸುವ ಬದಲು ಸರಿಯಾಗಿ ರುಚಿ ನೋಡುವುದು ಹೇಗೆ? (ಬೆಂಗಳೂರು, ಬಸವನಗುಡಿ)

ಉತ್ತರ: ಬಾಟಲಿ 355 ಮಿಲಿಲೀಟರಿನದು ಎಂದುಕೊಂಡರೆ ತಲೆಗೆ 60 ಮಿಲಿಯಂತೆ ಬರುತ್ತದೆ. ಇದು ಕಡಿಮೆಯೇನಲ್ಲ. ಅದನ್ನೂ ಒಂದೇ ಸಲ ಸುರಿಯಬೇಡಿ. ಮೊದಲು 30, ಅದು ಮುಗಿದ ಮೇಲೆ ಉಳಿದ 30. ತಂಪಾಗಿರುವಾಗ ಒಂದು ರುಚಿ, ಸ್ವಲ್ಪ ಬಿಸಿ ಏರಿದಾಗ ಇನ್ನೊಂದು ರುಚಿ. ಎರಡನ್ನೂ ನೋಡದೆ ಈ ಬಿಯರ್ ಬಗ್ಗೆ ತೀರ್ಮಾನ ಹೇಳಬಾರದು.

ಜೊತೆಗೆ ಐದನೆಯದೊಂದು ಬೇಕು: ಇಲ್ಲೇ ಸಿಗುವ, ಸ್ಪ್ರೂಸ್ ಇಲ್ಲದ ಸಾದಾ ಪೇಲ್ ಏಲ್ ಒಂದು ಕ್ಯಾನ್. ತಾಳೆ ನೋಡಲು ಅದೇ ಆಧಾರ. ಅದಿಲ್ಲದಿದ್ದರೆ ಹಾಪ್ಸ್‌ನಿಂದ ಬಂದ ವಾಸನೆಯನ್ನೂ ಚಿಗುರಿನ ಲೆಕ್ಕಕ್ಕೆ ಬರೆಯುತ್ತೀರಿ. ಸಿಮ್ಕೊ, ಚಿನೂಕ್ ಎಂಬ ಹಾಪ್ಸ್ ತಳಿಗಳಲ್ಲಿ ಹುಟ್ಟಿನಿಂದಲೇ ಪೈನ್ ವಾಸನೆ ಇರುತ್ತದೆ.

ಕೋಣೆಯ ತಯಾರಿಗೆ ಯಾರೂ ಗಮನ ಕೊಡುವುದಿಲ್ಲ. ಕೆಟ್ಟುಹೋಗುವುದು ಹೆಚ್ಚಾಗಿ ಅಲ್ಲೇ. ಅಂದು ಸಂಜೆ ಊದುಬತ್ತಿ, ಧೂಪ ಬೇಡ. ಅದೂ ರಾಳ, ಇದೂ ರಾಳ, ಮೂಗು ಒಂದು ಗಂಟೆ ಕಾಲ ಎರಡನ್ನೂ ಬೇರೆ ಮಾಡಲಾರದು. ಒಳಗೆ ಇಂಗಿನ ಒಗ್ಗರಣೆಯೂ ಆಗಬಾರದು. ಗ್ಲಾಸನ್ನು ನಿಂಬೆ ವಾಸನೆಯ ಪಾತ್ರೆ ಸೋಪಿನಲ್ಲಿ ತೊಳೆದಿದ್ದರೆ ಬಿಸಿನೀರಿನಲ್ಲಿ ಎರಡು ಸಲ ಜಾಲಿಸಿ, ಬಟ್ಟೆಯಲ್ಲಿ ಒರೆಸದೆ ಬೋರಲು ಹಾಕಿ ಒಣಗಿಸಿ. ಆ ನಿಂಬೆ ವಾಸನೆಯೂ ಲಿಮೊನೀನೇ. ಸೋಪಿನ ಜಿಡ್ಡು ಉಳಿದರೆ ನೊರೆಯೂ ನಿಲ್ಲುವುದಿಲ್ಲ. ಟ್ಯೂಲಿಪ್ ಗ್ಲಾಸ್ ಇದ್ದರೆ ಚೆನ್ನ, ಇಲ್ಲದಿದ್ದರೆ ವೈನ್ ಗ್ಲಾಸ್ ಸಾಕು. ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿರಬೇಕು, ಅಷ್ಟೆ. ಉದ್ದ ಮಗ್ ಬೇಡ.

ಫ್ರಿಜ್‌ನ 4 ಡಿಗ್ರಿಯಲ್ಲಿ ಈ ಬಿಯರ್ ಮೂಕ. ಪೇಲ್ ಏಲ್ 7ರಿಂದ 10 ಡಿಗ್ರಿಯಲ್ಲೂ ವಿಂಟರ್ ಏಲ್ 10ರಿಂದ 13 ಡಿಗ್ರಿಯಲ್ಲೂ ಬಾಯಿ ಬಿಡುತ್ತವೆ. ಬೆಂಗಳೂರಿನ ಹವೆಗೆ ಪೇಲ್ ಏಲ್ ಬಾಟಲಿಯನ್ನು ಕಾಲು ಗಂಟೆ, ವಿಂಟರ್ ಏಲ್ ಅನ್ನು ಅರ್ಧ ಗಂಟೆ ಮೊದಲು ಹೊರಗಿಡಿ.

ಕ್ರಮ ಹೀಗಿರಲಿ: ಸಾದಾ ಪೇಲ್ ಏಲ್, ಸ್ಪ್ರೂಸ್ ಪೇಲ್ ಏಲ್, ವಿಂಟರ್ ಏಲ್, ಸಾವರ್, ಕೊನೆಗೆ ಐಪಿಎ. ಸಾವರ್ ಆದ ಮೇಲೆ ವಿಂಟರ್ ಏಲ್ ಕುಡಿದರೆ ಹುಳಿಯ ಬೆನ್ನಿಗೆ ಬಂದ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಇರುವುದಕ್ಕಿಂತ ಸಿಹಿ ಅನ್ನಿಸುತ್ತದೆ. ಐಪಿಎ ಕಹಿ ನಾಲಿಗೆ ಬಿಟ್ಟು ಹೋಗಲು ಹೊತ್ತು ಬೇಕು, ಅದಕ್ಕೇ ಅದು ಕೊನೆಗೆ.

ಈಗ ಒಂದು ಗ್ಲಾಸ್ ಎತ್ತಿಕೊಳ್ಳಿ. ನೊರೆ ನೋಡಿ. ಬೇಗ ಕುಸಿದು ಅಂಚಿನಲ್ಲಿ ಮಾತ್ರ ಉಳಿದರೆ, ಗ್ಲಾಸ್ ಶುಚಿ ಇದ್ದರೂ ಹಾಗಾದರೆ, ಚಿಗುರಿನ ಎಣ್ಣೆ ಜಾಸ್ತಿಯಾಗಿರುವ ಸಾಧ್ಯತೆ ಇದೆ. ಬಿಯರ್ ಸ್ವಲ್ಪ ಮಸುಕಾಗಿದ್ದರೆ ದೋಷ ಎಂದು ಬರೆಯಬೇಡಿ; ಚಿಗುರಿನಲ್ಲಿ ಒಗರು ತರುವ ಟ್ಯಾನಿನ್ ಎಂಬ ಅಂಶ ಮಾಲ್ಟಿನ ಪ್ರೋಟೀನ್ ಜೊತೆ ಕೂಡಿ ತಂಪಿನಲ್ಲಿ ಮಬ್ಬು ಕಟ್ಟುತ್ತದೆ, ಬಿಸಿ ಏರಿದಂತೆ ತಿಳಿಯಾಗುತ್ತದೆ. ದೀರ್ಘವಾಗಿ ಉಸಿರೆಳೆಯದೆ ನಾಯಿ ಮೂಸಿದ ಹಾಗೆ ಎರಡು ಮೂರು ಸಣ್ಣ ಉಸಿರು ಎಳೆಯಿರಿ. ಈ ಎಣ್ಣೆಗಳಿಗೆ ಮೂಗು ಬೇಗ ಒಗ್ಗಿಹೋಗುತ್ತದೆ. ಒಗ್ಗಿದೆ ಅನ್ನಿಸಿದರೆ ನಿಮ್ಮದೇ ಮುಂಗೈ ಮೂಸಿ ಮತ್ತೆ ಬನ್ನಿ.

ಒಂದು ಚಮಚದಷ್ಟು ಬಾಯಿಗೆ ಹಾಕಿ, ನಾಲಿಗೆಯ ಮೇಲೆಲ್ಲ ಹರಡಿ, ನುಂಗಿ. ಬಾಯಿ ಮುಚ್ಚಿಕೊಂಡೇ ಮೂಗಿನಿಂದ ಉಸಿರು ಬಿಡಿ. ಸ್ಟ್ರಾಬೆರಿ, ಕೋಲಾ ಎಂದೆಲ್ಲ ಹೇಳಿದೆವಲ್ಲ, ಅವು ಸಿಗುವುದು ಈ ಹೊರಗುಸಿರಿನಲ್ಲಿ. ಆಮೇಲೆ ಅರ್ಧ ನಿಮಿಷ ಸುಮ್ಮನಿದ್ದು ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಉಜ್ಜಿ. ಜಾರಿದರೆ ಸರಿ. ತರಿತರಿಯಾಗಿ ಹಿಡಿದುಕೊಂಡರೆ, ಹಸಿ ಅಡಿಕೆ ಜಗಿದಂತೆ ಕೆನ್ನೆಯ ಒಳಗೆಲ್ಲ ಜುಂ ಎಂದು ಬಿಗಿದರೆ, ಅದು ಒಗರು. ಕಹಿ ರುಚಿ, ಒಗರು ಸ್ಪರ್ಶ. ಟ್ಯಾನಿನ್ ಎಂಜಲಿನ ಪ್ರೋಟೀನನ್ನು ಹಿಡಿದು ಗಂಟು ಹಾಕಿಬಿಡುತ್ತದೆ, ಬಾಯಿಯ ಜಾರು ಹೋಗುತ್ತದೆ.

ಇನ್ನೊಂದು ಗುಟ್ಟು: ಒಗರು ಗುಟುಕಿನಿಂದ ಗುಟುಕಿಗೆ ಏರುತ್ತಾ ಹೋಗುತ್ತದೆ. ಹಾಗಾಗಿ ಅಂಕ ಕೊಡುವುದು ಮೂರನೆಯ ಗುಟುಕಿನ ಮೇಲೆ. ಮೊದಲ ಗುಟುಕಿಗೆ ‘ಆಹಾ’ ಅನ್ನಿಸಿ ಮೂರನೆಯದಕ್ಕೆ ಬಾಯಿ ಒಣಗಿಸುವ ಸ್ಪ್ರೂಸ್ ಬಿಯರ್‌ಗಳು ಕಡಿಮೆಯೇನಿಲ್ಲ. ಒಂದು ಬಿಯರ್‌ನಿಂದ ಇನ್ನೊಂದಕ್ಕೆ ಹೋಗುವ ಮೊದಲು ನೀರು ಕುಡಿದು, ಉಪ್ಪು-ಎಣ್ಣೆ ಹಾಕದ ಮಂಡಕ್ಕಿ ನಾಲ್ಕು ಕಾಳು ಬಾಯಿಗೆ ಹಾಕಿಕೊಳ್ಳಿ. ಖಾರದ ಕಡಲೆಬೀಜ, ಚಕ್ಕುಲಿ ಎಲ್ಲ ರುಚಿ ನೋಡಿ ಮುಗಿದ ಮೇಲೆ. ಮತ್ತೆ ಇಷ್ಟು ನೋಡಿ ಬರೆದ ಮೇಲೂ ಗಾಡಿ ಓಡಿಸಿಕೊಂಡು ಹೋಗುವುದು ಬೇಡ. ವಿಂಟರ್ ಏಲ್‌ಗಳಲ್ಲಿ ಮದ್ಯಸಾರ 6 ಪರ್ಸೆಂಟ್ ದಾಟಿರುವುದು ಸಾಮಾನ್ಯ.

ಪ್ರಶ್ನೆ: ಬೆಲೆ ಕೊಟ್ಟು ತರಿಸಿದ ಸ್ಪ್ರೂಸ್ ಬಿಯರ್ ನೆಲ ಒರೆಸುವ ಫಿನಾಯಿಲ್ ಹಾಗೆ ಇತ್ತು. ಇದು ಹೀಗೇ ಇರುವುದೋ, ನನಗೆ ಸಿಕ್ಕಿದ್ದು ಕೆಟ್ಟದ್ದೋ? (ಹುಬ್ಬಳ್ಳಿ)

ಉತ್ತರ: ನಿಮ್ಮ ಮೂಗಿನದು ತಪ್ಪಿಲ್ಲ. ನಮ್ಮಲ್ಲಿ ಮಾರುವ ಬಿಳಿ ಫಿನಾಯಿಲ್ ಮಾಡುವುದೇ ಪೈನ್ ಎಣ್ಣೆಯಿಂದ. ಚಿಕ್ಕಂದಿನಿಂದ ಆ ವಾಸನೆಯನ್ನು ಬಚ್ಚಲುಮನೆ, ಆಸ್ಪತ್ರೆ ವರಾಂಡದ ಜೊತೆ ಸೇರಿಸಿ ಕಲಿತವರಿಗೆ ಪೈನೀನ್ ಚೂರು ಹೆಚ್ಚಾದರೂ ಅದೇ ನೆನಪು ಎದ್ದು ನಿಲ್ಲುತ್ತದೆ. ನಾರ್ವೆಯವರಿಗೆ ಅದೇ ವಾಸನೆ ಕಾಡನ್ನು ನೆನಪಿಸಬಹುದು.

ಹಾಗೆಂದು ದೋಷ ಇಲ್ಲವೆಂದಲ್ಲ. ಫಿನಾಯಿಲ್ ವಾಸನೆಗೆ ಮುಖ್ಯವಾಗಿ ಮೂರು ದಾರಿ. ಒಂದು, ಬಲಿತ ಸೂಜಿ ಬಳಸಿರುವುದು. ಎರಡು, ಚಿಗುರಿನ ಬದಲು ‘ಸ್ಪ್ರೂಸ್ ಎಸೆನ್ಸ್’ ಸುರಿದಿರುವುದು. ಬಾಟಲಿ ಎಸೆನ್ಸ್ 20 ಲೀಟರಿಗೆ ಅರ್ಧ ಟೀ ಚಮಚ ದಾಟಿದರೆ ಅದರದೇ ದರ್ಬಾರು. ಹುಳಿ, ಹಣ್ಣು ಯಾವುದೂ ಇಲ್ಲದೆ ವಾಸನೆ ಮಾತ್ರ ಒಂಟಿಯಾಗಿ ನಿಂತಿದ್ದರೆ ಎಸೆನ್ಸ್ ಮೇಲೆ ಅನುಮಾನ ಪಡಿ. ಮೂರನೆಯದಕ್ಕೂ ಮರಕ್ಕೂ ಸಂಬಂಧವೇ ಇಲ್ಲ. ನಲ್ಲಿ ನೀರಿನ ಕ್ಲೋರಿನ್ ಬಿಯರ್‌ನ ಫೀನಾಲ್‌ಗಳ ಜೊತೆ ಸೇರಿ ಕ್ಲೋರೋಫೀನಾಲ್ ಆಗಿರುತ್ತದೆ. ಗಾಯದ ಪಟ್ಟಿಯ ವಾಸನೆ ಅದು. ಇವನ್ನು ಬೇರೆ ಮಾಡುವುದು ಸುಲಭ: ಗ್ಲಾಸನ್ನು ಹತ್ತು ನಿಮಿಷ ಹಾಗೇ ಬಿಡಿ. ಪೈನೀನ್ ಹಗುರವಾದ್ದರಿಂದ ಹಾರಿ ಹೋಗಿ ವಾಸನೆ ಇಳಿಯುತ್ತದೆ. ಗಾಯದ ಪಟ್ಟಿಯ ವಾಸನೆ ಇದ್ದಲ್ಲೇ ಇರುತ್ತದೆ.

ಪ್ರಶ್ನೆ: ನಾವಿರುವುದು ಆರೆಗನ್‌ನ ಪೋರ್ಟ್‌ಲ್ಯಾಂಡ್ ಹತ್ತಿರ. ಮನೆಯಲ್ಲೇ 20 ಲೀಟರಿನಷ್ಟು ಬಿಯರ್ ಮಾಡುವ ಅಭ್ಯಾಸ ಇದೆ. ಹಿತ್ತಲಲ್ಲೇ ಸ್ಪ್ರೂಸ್ ಇದೆ. ಹೋದ ವರ್ಷ ಅರ್ಧ ಕಿಲೋ ಚಿಗುರನ್ನು ಒಂದು ಗಂಟೆ ಕುದಿಸಿ ಮಾಡಿದ್ದು ಯಾರೂ ಕುಡಿಯಲಾಗದೆ ಚೆಲ್ಲಬೇಕಾಯಿತು. ಎಲ್ಲಿ ತಪ್ಪಿದೆವು?

ಉತ್ತರ: ಎರಡು ಕಡೆ. ಅರ್ಧ ಕಿಲೋ ಎಂದರೆ ಲೀಟರಿಗೆ 25 ಗ್ರಾಂ, ಅದು ಜಾಸ್ತಿ. ಆದರೆ ಪ್ರಮಾಣಕ್ಕಿಂತ ಆ ಒಂದು ಗಂಟೆಯೇ ದೊಡ್ಡ ತಪ್ಪು. ಕುದಿಯುವಾಗ ಸುಗಂಧ ಎಣ್ಣೆ ಹಬೆಯ ಜೊತೆ ಹೊರಗೆ ಹೋಯಿತು, ಟ್ಯಾನಿನ್ ಹಬೆಯಾಗದೆ ಪಾತ್ರೆಯಲ್ಲೇ ಇಳಿಯಿತು. ಬೇಕಾದದ್ದು ಹೋಗಿ ಬೇಡದ್ದು ಉಳಿಯಿತು. ಚಹಾಪುಡಿಯನ್ನು ಗಂಟೆಗಟ್ಟಲೆ ಕುದಿಸಿದ ಹಾಗೆ.

ಈ ಸಲ ಬಿಯರ್‌ಗೆ ಕೈ ಹಾಕುವ ಮೊದಲು ಎರಡು ಲೋಟದ ಪರೀಕ್ಷೆ ಮಾಡಿ. 5 ಗ್ರಾಂ ಚಿಗುರಿಗೆ 250 ಮಿಲಿ ನೀರು, 80 ಡಿಗ್ರಿ, ತಟ್ಟೆ ಮುಚ್ಚಿ ಹತ್ತು ನಿಮಿಷ: ಇದು ಮೊದಲನೆಯದು. ಅಷ್ಟೇ ಚಿಗುರು, ಅಷ್ಟೇ ನೀರು, ಮುಚ್ಚದೆ ಇಪ್ಪತ್ತು ನಿಮಿಷ ಕುದಿ: ಇದು ಎರಡನೆಯದು. ಎರಡನ್ನೂ ಆರಿಸಿ ಕುಡಿದು ನೋಡಿ. ಮೊದಲನೆಯದೇ ಒಗರಾಗಿದ್ದರೆ ಚಿಗುರು ಬಲಿತಿದೆ, ಅದನ್ನು ಬಿಟ್ಟುಬಿಡಿ. ಮೊದಲನೆಯದು ಘಮಘಮಿಸಿ ಎರಡನೆಯದು ಮಾತ್ರ ನಾಲಿಗೆ ಹಿಡಿದರೆ ನಿಮ್ಮ ಮರ ಒಳ್ಳೆಯದು, ಹೋದ ವರ್ಷದ ಕ್ರಮ ಕೆಟ್ಟದು.

ಕೀಳುವ ಹೊತ್ತು ಕಂದು ಪೊರೆ ಅರ್ಧ ಉದುರಿ ಅರ್ಧ ಅಂಟಿಕೊಂಡಿರುವಾಗ. ಪೊರೆಯನ್ನು ಉಜ್ಜಿ ತೆಗೆಯಿರಿ, ಅದಕ್ಕೂ ಒಗರಿದೆ. ಮರದ ನೆತ್ತಿಯ ಚಿಗುರನ್ನು ಮುಟ್ಟಬೇಡಿ, ಮರ ಎತ್ತರಕ್ಕೆ ಹೋಗುವುದು ಅದರಿಂದಲೇ. ಪಕ್ಕದ ರೆಂಬೆಗಳಿಂದ ಅಲ್ಲೊಂದು ಇಲ್ಲೊಂದು ಚಿವುಟಿ. ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಬೇಡ. ರಸ್ತೆ ಬದಿಯ ಮರ, ಔಷಧಿ ಸಿಂಪಡಿಸಿದ ಕ್ರಿಸ್‌ಮಸ್ ಮರ ಬೇಡವೇ ಬೇಡ.

ಹಿತ್ತಲಿನದು ಸ್ಪ್ರೂಸ್ ಹೌದೇ ಎಂದು ಖಚಿತ ಮಾಡಿಕೊಳ್ಳಿ. ಸೂಜಿಯನ್ನು ಬೆರಳುಗಳ ನಡುವೆ ಉರುಳಿಸಿ ನೋಡಿ, ಉರುಳಿದರೆ ಸ್ಪ್ರೂಸ್ ಎಂದು ಹೇಳುವ ರೂಢಿ ಇದೆ. ನಿಮ್ಮ ಕಡೆಯ ಸಿಟ್ಕಾಕ್ಕೆ ಈ ಪರೀಕ್ಷೆ ಕೈಕೊಡುತ್ತದೆ, ಅದರ ಸೂಜಿ ಚಪ್ಪಟೆ. ನಂಬಬಹುದಾದ ಗುರುತು ರೆಂಬೆಯಲ್ಲಿದೆ. ಸ್ಪ್ರೂಸ್‌ನ ಪ್ರತಿ ಸೂಜಿಯೂ ಒಂದೊಂದು ಪುಟ್ಟ ಗೂಟದ ಮೇಲೆ ಕೂತಿರುತ್ತದೆ. ಸೂಜಿ ಉದುರಿದ ಹಳೆ ರೆಂಬೆಯ ಮೇಲೆ ಬೆರಳಾಡಿಸಿದರೆ ತುರಿಮಣೆ ಸವರಿದ ಹಾಗೆ ಒರಟು. ಫರ್ ಮರದ ರೆಂಬೆ ನುಣುಪು. ಪೈನ್ ಆದರೆ ಸೂಜಿಗಳು ಎರಡು, ಮೂರು, ಐದರ ಗೊಂಚಲು. ಯೂ ಎಂಬ ಮರವೊಂದಿದೆ: ಸೂಜಿ ಚಪ್ಪಟೆ, ಮೆತ್ತಗೆ, ಕೆಳಗಡೆ ಹಳದಿ ಛಾಯೆಯ ಹಸಿರು, ಹಿಸುಕಿದರೆ ರಾಳದ ವಾಸನೆ ಇಲ್ಲ, ಕೆಂಪು ತಿರುಳಿನ ಹಣ್ಣು. ಅದರ ಎಲೆ, ತೊಗಟೆ, ಬೀಜ ಎಲ್ಲ ಜೀವ ತೆಗೆಯುವ ವಿಷ. ಕುದಿಸಿದರೂ ಒಣಗಿಸಿದರೂ ಆ ವಿಷ ಹೋಗುವುದಿಲ್ಲ.

20 ಲೀಟರಿಗೆ ಲೆಕ್ಕ: ಪೇಲ್ ಮಾಲ್ಟ್ 4 ಕಿಲೋ, ಮಧ್ಯಮ ಬಣ್ಣದ ಕ್ರಿಸ್ಟಲ್ ಮಾಲ್ಟ್ 300 ಗ್ರಾಂ. ಮ್ಯಾಶ್ (ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸುವುದು) 66-67 ಡಿಗ್ರಿಯಲ್ಲಿ ಒಂದು ಗಂಟೆ. ಹಾಪ್ಸ್ ಅನ್ನು ಕುದಿಯ ಆರಂಭದಲ್ಲಿ ಒಮ್ಮೆ ಮಾತ್ರ ಹಾಕಿ: 10 ಪರ್ಸೆಂಟ್ ಆಲ್ಫಾ ಆಮ್ಲ (ಹಾಪ್ಸ್ ಕಹಿಯ ಮೂಲ) ಇರುವ, ವಾಸನೆ ಗಟ್ಟಿಯಿಲ್ಲದ ಯಾವುದಾದರೂ 20 ಗ್ರಾಂ. ಕಹಿ ಸುಮಾರು 23 ಐಬಿಯು (ಬಿಯರ್ ಕಹಿಯ ಅಳತೆ) ಬರುತ್ತದೆ. ಸಾಮಾನ್ಯ ಪೇಲ್ ಏಲ್‌ಗಿಂತ ಇದು ಕಡಿಮೆ, ಬೇಕೆಂದೇ ಕಡಿಮೆ; ಒಗರು ಬರುವುದಿದೆ ಎಂದು ಗೊತ್ತಿದ್ದಾಗ ಕಹಿಯನ್ನು ತಗ್ಗಿಸಲೇಬೇಕು. ಚಿಗುರು ಒಟ್ಟು 150 ಗ್ರಾಂ. ಅದರಲ್ಲಿ 50 ಗ್ರಾಂ ಕುದಿಯ ಕೊನೆಯ ಹತ್ತು ನಿಮಿಷಕ್ಕೆ. ಉಳಿದ 100 ಗ್ರಾಂ ಒಲೆ ಆರಿಸಿ, ವರ್ಟ್ (ಹುದುಗು ಬರುವ ಮುಂಚಿನ ಮಾಲ್ಟ್ ರಸ) 80 ಡಿಗ್ರಿಗೆ ಇಳಿದ ಮೇಲೆ, ಮುಚ್ಚಳ ಹಾಕಿ ಇಪ್ಪತ್ತು ನಿಮಿಷ. ಚಿಗುರನ್ನು ಬಟ್ಟೆ ಚೀಲದಲ್ಲಿ ಸಡಿಲವಾಗಿ ಕಟ್ಟಿ ಇಳಿಬಿಡಿ. ಹಾಗೇ ಹಾಕಿದರೆ ಸೂಜಿಗಳು ನಲ್ಲಿಗೆ ಸಿಕ್ಕಿ ವರ್ಟ್ ಇಳಿಯುವುದೇ ಇಲ್ಲ. ತೆಗೆಯುವಾಗ ಚೀಲ ಹಿಂಡಬೇಡಿ. ಹಿಂಡಿದರೆ ಬರುವ ಕೊನೆಯ ಲೋಟದಲ್ಲಿ ಇರುವುದೆಲ್ಲ ಒಗರೇ.

ನೀರನ್ನು 1 ಎಂದಿಟ್ಟುಕೊಂಡರೆ ಆರಂಭದ ಸಾಂದ್ರತೆ 1.048 ಆಸುಪಾಸು, ಕೊನೆಗೆ 1.011ಕ್ಕೆ ಇಳಿದರೆ ಮದ್ಯಸಾರ 5 ಪರ್ಸೆಂಟಿಗೆ ಒಂದು ಕೂದಲೆಳೆ ಕಡಿಮೆ. ಈಸ್ಟ್ ತನ್ನದೇ ವಾಸನೆ ತಾರದ ಅಮೆರಿಕನ್ ಏಲ್ ತಳಿ ಇರಲಿ, 18-19 ಡಿಗ್ರಿಯಲ್ಲಿ. ಬಾಟಲಿಗೆ ತುಂಬುವಾಗ ಲೀಟರಿಗೆ 6 ಗ್ರಾಂ ಸಕ್ಕರೆ.

ಕುದಿ ಮುಗಿದ ಮೇಲೂ ವಾಸನೆ ಸಾಲದು ಅನ್ನಿಸಿದರೆ ಹಸಿ ಚಿಗುರನ್ನು ಫರ್ಮೆಂಟರ್‌ಗೆ ಹಾಕುವ ಆಸೆ ಬರುತ್ತದೆ. ಹಾಕಬಹುದು. ಹುದುಗು ಮುಗಿದ ಮೇಲೆ, ಮೂರರಿಂದ ಐದು ದಿನ ಮಾತ್ರ. ಆದರೆ ಹಸಿ ಚಿಗುರಿನ ಮೇಲೆ ಬಿಯರ್ ಕೆಡಿಸುವ ಕಾಡು ಈಸ್ಟ್ ಇರಬಹುದು; ಫ್ರೀಜರ್‌ನಲ್ಲಿ ಇಟ್ಟ ಮಾತ್ರಕ್ಕೆ ಅದು ಸಾಯುವುದಿಲ್ಲ. ಅದಕ್ಕಿಂತ ವೋಡ್ಕಾದ ದಾರಿ ಮೇಲು: 10 ಗ್ರಾಂ ಚಿಗುರು, 100 ಮಿಲಿ ವೋಡ್ಕಾ, ಫ್ರಿಜ್‌ನಲ್ಲಿ ನಾಲ್ಕು ದಿನ, ಸೋಸಿ. ನಿಮ್ಮ ಬಿಯರ್ ಅನ್ನು ಮೂರು ಗ್ಲಾಸಿಗೆ 100 ಮಿಲಿಯಂತೆ ಹಾಕಿ, ಸಿರಿಂಜಿನಲ್ಲಿ ಅರ್ಧ, 1, 2 ಮಿಲಿ ಕೊಟ್ಟು ನೋಡಿ. 1 ಮಿಲಿ ಸರಿ ಅನ್ನಿಸಿದರೆ 20 ಲೀಟರಿಗೆ 200 ಮಿಲಿ; ಅಷ್ಟನ್ನು ಇದೇ ಲೆಕ್ಕದಲ್ಲಿ ಮಾಡಿಕೊಳ್ಳಿ. ಈ ದಾರಿಯಲ್ಲಿ ತಪ್ಪಿದರೆ ಒಂದು ಗ್ಲಾಸ್ ಚೆಲ್ಲುತ್ತೀರಿ, 20 ಲೀಟರ್ ಅಲ್ಲ.

ನಲ್ಲಿ ನೀರಿನಲ್ಲಿ ಕ್ಲೋರಮಿನ್ (ಕ್ಲೋರಿನ್ ಬದಲು ನೀರು ಶುದ್ಧಿಗೆ ಹಾಕುವಂಥದ್ದು) ಇದ್ದರೆ ಕ್ಯಾಂಪ್ಡನ್ ಎಂಬ ಸಲ್ಫೈಟ್ ಮಾತ್ರೆ ಅರ್ಧ ಪುಡಿ ಮಾಡಿ ಹಾಕಿ. ಕುದಿಸಿದ ಮಾತ್ರಕ್ಕೆ ಕ್ಲೋರಮಿನ್ ಪೂರ್ತಿ ಹೋಗುವುದಿಲ್ಲ.

ಇದನ್ನು ಓದುವ ಕರ್ನಾಟಕದವರಿಗೆ ಒಂದು ಮಾತು. ಅಮೆರಿಕದಲ್ಲಿ 1978ರ ಕಾಯ್ದೆಯ ನಂತರ ವಯಸ್ಕರು ಸ್ವಂತ ಬಳಕೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಯಲ್ಲಿ 200 ಗ್ಯಾಲನ್ ಬಿಯರ್ ಮಾಡಿಕೊಳ್ಳಬಹುದು. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು ಅಪರಾಧ. ಮೇಲಿನ ಲೆಕ್ಕ ಪೋರ್ಟ್‌ಲ್ಯಾಂಡಿನವರಿಗೆ.

ಪ್ರಶ್ನೆ: ಗ್ರಂದಿಗೆ ಅಂಗಡಿಯಲ್ಲಿ ಸಿಗುವ ತಾಳೀಸಪತ್ರವೂ ಹಿಮಾಲಯದ ಸೂಜಿ ಎಲೆ ಮರದ್ದೇ ಅಂತೆ. ಅದನ್ನು ನೆನೆಸಿ ಬಿಯರ್‌ಗೆ ಸೇರಿಸಿ ಕುಡಿಯಬಹುದೇ? ಇಲ್ಲವಾದರೆ ಮನೆ ಮುಂದಿನ ಕ್ರಿಸ್‌ಮಸ್ ಗಿಡದ ಚಿಗುರು ಆಗುತ್ತದೆಯೇ? (ಶಿವಮೊಗ್ಗ)

ಉತ್ತರ: ಎರಡೂ ಬೇಡ. ತಾಳೀಸಪತ್ರದ ವಿಷಯದಲ್ಲಿ ಇದನ್ನು ಒತ್ತಿ ಹೇಳುತ್ತಿದ್ದೇವೆ. ಆ ಹೆಸರಿನಲ್ಲಿ ಮಾರಬೇಕಾದದ್ದು ಹಿಮಾಲಯದ ಫರ್ ಮರದ ಎಲೆ. ಆದರೆ ಅದೇ ಹೆಸರಿನಲ್ಲಿ ಯೂ ಮರದ ಎಲೆಯೂ ಮಾರುಕಟ್ಟೆಗೆ ಬರುತ್ತದೆ. ಮೇಲೆ ಹೇಳಿದ ವಿಷದ ಮರ ಇದೇ. ಒಣಗಿ ಪುಡಿಯಾದ ಮೇಲೆ ಕಣ್ಣಿನಿಂದ ಬೇರೆ ಮಾಡಲಾಗದು. ವೈದ್ಯರು ಔಷಧಿಯಾಗಿ ಕೊಡುವುದು ಅವರ ಲೆಕ್ಕ. ನೀವು ಬಿಯರ್‌ಗೆ ಹಾಕಿಕೊಳ್ಳಬೇಡಿ.

ನಮ್ಮ ನರ್ಸರಿಗಳಲ್ಲಿ ಕ್ರಿಸ್‌ಮಸ್ ಗಿಡ ಎಂದು ಕೊಡುವುದು ಹೆಚ್ಚಾಗಿ ಅರಾಕೇರಿಯ. ಅಂತಸ್ತು ಅಂತಸ್ತಾಗಿ ರೆಂಬೆ ಹರಡುವ, ನಾರ್ಫೋಕ್ ದ್ವೀಪದಿಂದ ಬಂದ ಮರ. ಅದು ಪೈನ್ ಕುಟುಂಬಕ್ಕೇ ಸೇರಿದ್ದಲ್ಲ. ನಿಜವಾದ ಸ್ಪ್ರೂಸ್ ಭಾರತದಲ್ಲಿ ಇದೆ. ಕಾಶ್ಮೀರ, ಹಿಮಾಚಲ, ಉತ್ತರಾಖಂಡದ ಎತ್ತರದ ಕಾಡುಗಳಲ್ಲಿ, ರೆಂಬೆ ಜೋಲುಬಿದ್ದ ಮರ. ಹಿಮಾಚಲದವರು ‘ರೈ’ ಅನ್ನುತ್ತಾರೆ. ಆ ಕಾಡುಗಳಲ್ಲೂ ಯೂ ಬೆಳೆಯುತ್ತದೆ. ಹಾಗಾಗಿ ಚಾರಣಕ್ಕೆ ಹೋದಾಗ ಚಿಗುರು ಕಂಡಿತೆಂದು ಚೀಲ ತುಂಬಿಕೊಳ್ಳಬೇಡಿ. ಕಾಡಿನಲ್ಲಿ ಕೀಳಲು ಅರಣ್ಯ ಇಲಾಖೆಯ ಅನುಮತಿಯೂ ಬೇಕು.

ಪ್ರಶ್ನೆ: ಹಿಂದೆ ಹಡಗಿನವರು ಸ್ಕರ್ವಿ ರೋಗಕ್ಕೆ ಸ್ಪ್ರೂಸ್ ಬಿಯರ್ ಕುಡಿಯುತ್ತಿದ್ದರಂತೆ. ಹಾಗಾದರೆ ಆರೋಗ್ಯಕ್ಕೆ ಒಳ್ಳೆಯದೇ? (ದಾವಣಗೆರೆ)

ಉತ್ತರ: ಕುಡಿಯುತ್ತಿದ್ದದ್ದು ನಿಜ. ಸ್ಕರ್ವಿ ಬರುವುದು ಸಿ ವಿಟಮಿನ್ ಕೊರತೆಯಿಂದ, ಹಸಿ ಚಿಗುರಿನಲ್ಲಿ ಅದು ಇರುವುದೂ ನಿಜ. ಆದರೆ ಆ ವಿಟಮಿನ್ ಬಿಸಿಗೂ ಗಾಳಿಗೂ ಹಾಳಾಗುವಂಥದ್ದು. ಎಲೆ ಕುದಿಸಿ, ಹುಳಿ ಬರಿಸಿ, ಪೀಪಾಯಿಯಲ್ಲಿ ಇಟ್ಟ ಮೇಲೆ ಹೆಚ್ಚೇನೂ ಉಳಿಯುವುದಿಲ್ಲ. 1535-36ರ ಚಳಿಗಾಲದಲ್ಲಿ ಕೆನಡಾದ ಈಗಿನ ಕ್ವಿಬೆಕ್ ಬಳಿ ಫ್ರೆಂಚ್ ಅನ್ವೇಷಕ ಜಾಕ್ ಕಾರ್ಟಿಯೆಯ ನಾವಿಕರನ್ನು ಸ್ಕರ್ವಿಯಿಂದ ಉಳಿಸಿದ್ದು ಬಿಯರ್ ಅಲ್ಲ, ಅಲ್ಲಿನ ಮೂಲನಿವಾಸಿಗಳು ತೋರಿಸಿಕೊಟ್ಟ ಮರವೊಂದರ ಎಲೆ-ತೊಗಟೆಯ ತಾಜಾ ಕಷಾಯ. ಬಿಯರ್ ಅನ್ನು ಬಿಯರ್ ಎಂದೇ ಕುಡಿಯಿರಿ. ವಿಟಮಿನ್‌ಗೆ ನೆಲ್ಲಿಕಾಯಿ ಇದೆ.

ರುಚಿಯ ದೃಷ್ಟಿಯಿಂದ ಆ ಇತಿಹಾಸದಲ್ಲಿ ಕಲಿಯುವುದಿದೆ. ಕ್ಯಾಪ್ಟನ್ ಜೇಮ್ಸ್ ಕುಕ್ 1773ರಲ್ಲಿ ನ್ಯೂಜಿಲೆಂಡ್‌ನ ಡಸ್ಕಿ ಸೌಂಡ್‌ನಲ್ಲಿ ಹಡಗು ನಿಲ್ಲಿಸಿ ಬಿಯರ್ ಮಾಡಿಸಿದ. ಅಲ್ಲಿ ಸ್ಪ್ರೂಸ್ ಇಲ್ಲ. ನೋಡಲು ಹಾಗೇ ಇದ್ದ ರಿಮು ಎಂಬ ಮರದ ಎಲೆ ಹಾಕಿಸಿದ. ವಿಪರೀತ ಒಗರಾಯಿತು. ಆಮೇಲೆ ಅಷ್ಟೇ ಪ್ರಮಾಣದ ಮಾನುಕಾ ಎಂಬ ಗಿಡದ ಎಲೆ ಬೆರೆಸಿದಾಗ ಒಗರು ತಗ್ಗಿ ಕುಡಿಯುವಂತಾಯಿತು ಎಂದು ಬರೆದಿಟ್ಟಿದ್ದಾನೆ. ಅದೇ ಶತಮಾನದಲ್ಲಿ ಉತ್ತರ ಅಮೆರಿಕದ ಬ್ರಿಟಿಷ್ ಸೇನಾಪತಿ ಜೆಫ್ರಿ ಆಮ್ಹರ್ಸ್ಟ್‌ನ ದಿನಚರಿಯಲ್ಲಿರುವ ಲೆಕ್ಕ: 30 ಗ್ಯಾಲನ್ ಪೀಪಾಯಿಗೆ 7 ಪೌಂಡ್ ಸ್ಪ್ರೂಸ್ ರೆಂಬೆ, ತೊಗಟೆ ಬಿಡುವವರೆಗೆ ಕುದಿ, 3 ಗ್ಯಾಲನ್ ಮೊಲಾಸಸ್ (ಕಾಕಂಬಿ). ಲೀಟರಿಗೆ ಸುಮಾರು 28 ಗ್ರಾಂ ರೆಂಬೆ ಬಿತ್ತು. ಪೋರ್ಟ್‌ಲ್ಯಾಂಡಿನ ಓದುಗರು ಚೆಲ್ಲಿದ ಬಿಯರ್‌ಗಿಂತ ಇದು ಕಡಿಮೆಯೇನೂ ಇರಲಾರದು. ಸೈನಿಕರಿಗೆ ಚೆಲ್ಲುವ ಅವಕಾಶ ಇರಲಿಲ್ಲ, ಅಷ್ಟೆ.

ಪ್ರಶ್ನೆ: ಜೊತೆಗೆ ತಿನ್ನಲು ಏನು ಹೊಂದುತ್ತದೆ? (ಮಂಗಳೂರು)

ಉತ್ತರ: ಕೊಬ್ಬು ಮತ್ತು ಉಪ್ಪು ಇರುವುದು ಹೊಂದುತ್ತದೆ. ಅಲಾಸ್ಕಾದಲ್ಲಿ ಹೊಗೆಯಾಡಿಸಿದ ಸಾಲ್ಮನ್ ಕೊಡುತ್ತಾರೆ. ನಿಮ್ಮೂರಲ್ಲಿ ಖಾರ ತಗ್ಗಿಸಿದ ಬಂಗುಡೆ ಫ್ರೈ ನಡೆಯುತ್ತದೆ, ಮೀನಿನ ಎಣ್ಣೆ ಒಗರನ್ನು ಸವರಿಕೊಂಡು ಹೋಗುತ್ತದೆ. ಮೆಣಸಿನ ಖಾರ ಜೋರಾದರೆ ಚಿಗುರಿನ ವಾಸನೆ ಸತ್ತೇ ಹೋಗುತ್ತದೆ. ಹುಣಸೆ, ಕೋಕಂ ಹಾಕಿದ ಸಾರು ಜೊತೆಗೆ ಬೇಡ, ಹುಳಿ ಒಗರನ್ನು ಎತ್ತಿ ಹಿಡಿಯುತ್ತದೆ.

ಪ್ರಶ್ನೆ: ತಂದ ಬಾಟಲಿಯನ್ನು ಹಬ್ಬದವರೆಗೆ ಎತ್ತಿಡಬಹುದೇ? (ಬೆಳಗಾವಿ)

ಉತ್ತರ: ಪೇಲ್ ಏಲ್, ಐಪಿಎ ಆದರೆ ಇಡಬೇಡಿ. ಎರಡು ಮೂರು ತಿಂಗಳಲ್ಲಿ ಚಿಗುರಿನ ವಾಸನೆ ಮಂಕಾಗಿ, ಒದ್ದೆ ರಟ್ಟಿನ ವಾಸನೆ ಒಳಗೆ ಬರುತ್ತದೆ. ಗಟ್ಟಿ ವಿಂಟರ್ ಏಲ್ ಆದರೆ ಆರು ತಿಂಗಳು ತಡೆಯುತ್ತದೆ, ಒಗರು ಸ್ವಲ್ಪ ಮೆತ್ತಗೂ ಆಗುತ್ತದೆ. ಫ್ರಿಜ್‌ನಲ್ಲಿ, ನೆಟ್ಟಗೆ ನಿಲ್ಲಿಸಿ ಇಡಿ. ಬಾಟಲಿ ಹಸಿರು ಅಥವಾ ಬಿಳಿ ಗಾಜಿನದಾದರೆ ಹಳೆ ಪೇಪರ್ ಸುತ್ತಿ; ಬೆಳಕು ಬಿದ್ದರೆ ಹಾಪ್ಸ್ ಕೆಟ್ಟು ನಾತ ಹೊಡೆಯುತ್ತದೆ.